ಸಂವಾದದ ಮರ್ಯಾದೆ: ನಿಗ್ರಹಸ್ಥಾನಗಳ ನೆಲೆಯಿಂದ ಕೆಲವು ಕನ್ನಡ ವಿವಾದಗಳ ಮರುಚಿಂತನೆ

1. ಪ್ರವೇಶ

ಕನ್ನಡದಲ್ಲಿ ಸಂವಾದ ಸಂಸ್ಕೃತಿಯ ಮಾತು ಬಂದಾಗಲೆಲ್ಲ ಒಂಬತ್ತನೆಯ ಶತಮಾನದ ಕವಿರಾಜಮಾರ್ಗವನ್ನು ನೆನೆಯುವುದು ವಾಡಿಕೆಯಾಗಿದೆ. ಅನ್ಯರ ವಿಚಾರವನ್ನೂ ಅನ್ಯರ ಧರ್ಮವನ್ನೂ ಸಹಿಸಬಲ್ಲ ಸಾಮರ್ಥ್ಯವೇ ನಿಜವಾದ ಸಂಪತ್ತು ಎಂಬ ಆ ಗ್ರಂಥದ ನಿಲುವು ನಮ್ಮ ವಿಚಾರ ಸಂಕಿರಣಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಈ ನಿಲುವಿನ ಹಿರಿಮೆಯ ಬಗ್ಗೆ ತಕರಾರಿಲ್ಲ. ಆದರೆ ಸಹಿಸುವುದು ಬೇರೆ, ಉತ್ತರಿಸುವುದು ಬೇರೆ. ಎದುರಿನವನ ಮಾತನ್ನು ಸಹಿಸಿಕೊಂಡೂ ಅದಕ್ಕೆ ಕಿವಿಗೊಡದೆ ಇರುವುದು ಸಾಧ್ಯ. ಹಾಗೆಯೇ ಅತ್ಯಂತ ಸೌಮ್ಯವಾದ ಮಾತಿನಲ್ಲಿ ಒಬ್ಬನ ಪ್ರಶ್ನೆಯನ್ನು ಸಭೆಯ ಹೊರಗೆ ನಿಲ್ಲಿಸುವುದೂ ಸಾಧ್ಯ. ಹೀಗಿರುವಾಗ ಸಂವಾದದ ಸಭ್ಯತೆ ಎಂದರೆ ಏನು? ಅದು ದನಿಯ ಏರಿಳಿತಕ್ಕೆ ಸಂಬಂಧಿಸಿದ್ದೇ, ಅಥವಾ ವಾದದ ನಡೆಗೆ ಸಂಬಂಧಿಸಿದ್ದೇ?

ಪ್ರಸ್ತುತ ಬರಹವು ಎರಡನೆಯ ನಿಲುವನ್ನು ಸಮರ್ಥಿಸುತ್ತದೆ. ಇದಕ್ಕಾಗಿ ಭಾರತೀಯ ವಾದಶಾಸ್ತ್ರದ ಕೆಲವು ಪರಿಕಲ್ಪನೆಗಳನ್ನು ಬಳಸಿಕೊಂಡು, ಇಪ್ಪತ್ತನೆಯ ಶತಮಾನದ ಮೂರು ಕನ್ನಡ ಸಂದರ್ಭಗಳನ್ನು ಮರುಪರಿಶೀಲಿಸಲಾಗಿದೆ. ಶಾಸ್ತ್ರವನ್ನು ಪ್ರಮಾಣವೆಂದು ಒಪ್ಪಿಸುವುದು ಇಲ್ಲಿನ ಉದ್ದೇಶವಲ್ಲ. ನಮ್ಮ ಅನುಭವವನ್ನು ಹೆಸರಿಸಲು ಅದು ಒದಗಿಸುವ ಪರಿಭಾಷೆಯನ್ನು ಪರೀಕ್ಷಿಸುವುದಷ್ಟೇ ಉದ್ದೇಶ.

2. ವಾದ, ಜಲ್ಪ, ವಿತಂಡ

ಕ್ರಿಸ್ತಶಕದ ಆರಂಭದ ಶತಮಾನಗಳಿಗೆ ಸೇರಿದ ಗೌತಮನ ನ್ಯಾಯಸೂತ್ರವು ಚರ್ಚೆಯನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ. ತತ್ತ್ವನಿರ್ಣಯವನ್ನು ಬಯಸಿ, ಪ್ರಮಾಣ ಮತ್ತು ತರ್ಕಗಳನ್ನು ಅವಲಂಬಿಸಿ ನಡೆಯುವುದು ವಾದ. ಗೆಲುವನ್ನು ಬಯಸಿ, ಅಗತ್ಯ ಬಿದ್ದರೆ ಛಲವನ್ನೂ ಹುಸಿ ಆಕ್ಷೇಪಗಳನ್ನೂ ಬಳಸಿ ನಡೆಯುವುದು ಜಲ್ಪ. ತನ್ನದೆಂಬ ಪಕ್ಷವನ್ನು ಸ್ಥಾಪಿಸದೆ ಪರಪಕ್ಷವನ್ನು ಕೆಡವುವುದಕ್ಕಷ್ಟೇ ಸೀಮಿತವಾದುದು ವಿತಂಡ. ಇಂದಿನ ಕನ್ನಡದಲ್ಲಿ ಹಟಮಾರಿತನದ ಯಾವ ಮಾತನ್ನಾದರೂ ವಿತಂಡವಾದವೆಂದು ಕರೆಯುವ ರೂಢಿಯಿದೆ. ಶಾಸ್ತ್ರದ ಅರ್ಥ ಅದಕ್ಕಿಂತ ಖಚಿತವಾದುದು: ವಿತಂಡಿಯ ದೋಷವಿರುವುದು ಹಟದಲ್ಲಲ್ಲ, ತಾನು ಎಲ್ಲಿ ನಿಂತಿದ್ದೇನೆಂಬುದನ್ನು ಹೇಳದಿರುವುದರಲ್ಲಿ.

ಜಲ್ಪ ಮತ್ತು ವಿತಂಡಗಳನ್ನು ನ್ಯಾಯಸೂತ್ರವು ಸಾರಾಸಗಟಾಗಿ ತಿರಸ್ಕರಿಸುವುದಿಲ್ಲ ಎಂಬುದೂ ಗಮನಾರ್ಹ. ಎಳೆಯ ಮೊಳಕೆಯನ್ನು ಕಾಯಲು ಮುಳ್ಳಿನ ಬೇಲಿ ಹಾಕುವಂತೆ, ತತ್ತ್ವನಿಶ್ಚಯವನ್ನು ರಕ್ಷಿಸಿಕೊಳ್ಳಲು ಇವು ಬಳಕೆಯಾಗಬಹುದೆಂಬುದು ಅದರ ಅಭಿಪ್ರಾಯ. ಆದರೆ ಬೇಲಿ ಬೆಳೆಯಲ್ಲ. ಹೊಲದ ತುಂಬ ಬೇಲಿಯೇ ಹಬ್ಬಿದರೆ ಕಾಯಬೇಕಾದ ಮೊಳಕೆಗೆ ಜಾಗವೇ ಉಳಿಯುವುದಿಲ್ಲ.

ಛಲವೆಂದರೆ ಇಲ್ಲಿ ಹಟವೆಂದು ಅರ್ಥವಲ್ಲ. ಎದುರಾಳಿಯ ಮಾತಿಗೆ ಅವನು ಉದ್ದೇಶಿಸದ ಅರ್ಥವನ್ನು ಹಚ್ಚಿ ಖಂಡಿಸುವುದು ಛಲ. ಒಬ್ಬನು ಹೊಸ ಕಂಬಳಿ ಹೊದ್ದಿದ್ದಾನೆ ಎಂಬರ್ಥದಲ್ಲಿ ‘ನವಕಂಬಲ’ ಎಂದರೆ, ‘ನವ’ ಎಂದರೆ ಒಂಬತ್ತು, ಅವನಲ್ಲಿ ಒಂಬತ್ತು ಕಂಬಳಿಗಳೆಲ್ಲಿವೆ ಎಂದು ಕೇಳುವುದು ವಾಕ್‌ಛಲಕ್ಕೆ ಪರಂಪರೆ ಕೊಡುವ ಉದಾಹರಣೆ.

ನಮ್ಮ ಚರ್ಚೆಗೆ ಹೆಚ್ಚು ಮುಖ್ಯವಾದುದು ನಿಗ್ರಹಸ್ಥಾನಗಳ ಪಟ್ಟಿ. ವಾದಿಯೊಬ್ಬನು ಸೋತನೆಂದು ಘೋಷಿಸಬಹುದಾದ 22 ಸಂದರ್ಭಗಳನ್ನು ನ್ಯಾಯಸೂತ್ರದ ಕೊನೆಯ ಅಧ್ಯಾಯ ಎಣಿಸುತ್ತದೆ. ಸಭೆಗೆ ಅರ್ಥವಾದ, ಮೂರು ಬಾರಿ ಹೇಳಲಾದ ಎದುರಾಳಿಯ ಮಾತನ್ನು ಅನುವಾದಿಸಿ ಹೇಳಲಾರದಿರುವುದು ಅನನುಭಾಷಣ. ವಿಷಯವನ್ನು ಬಿಟ್ಟು ಬೇರೆಡೆಗೆ ಹೊರಳುವುದು ಅರ್ಥಾಂತರ. ಕೆಲಸದ ನೆಪ ಹೇಳಿ ಚರ್ಚೆಯಿಂದ ಎದ್ದುಹೋಗುವುದು ವಿಕ್ಷೇಪ. ತನ್ನ ಪಕ್ಷದ ದೋಷವನ್ನು ನಿವಾರಿಸದೆ, ನಿನ್ನಲ್ಲಿಯೂ ಅದೇ ದೋಷವಿದೆ ಎನ್ನುವುದು ಮತಾನುಜ್ಞಾ. ಈ ಪಟ್ಟಿಯನ್ನು ಇಡಿಯಾಗಿ ಓದಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ: ಕಟುವಾದ ಮಾತು ಇಲ್ಲಿ ನಿಗ್ರಹಸ್ಥಾನವಲ್ಲ. ಎಣಿಸಿರುವ ದೋಷಗಳೆಲ್ಲವೂ ಪ್ರತಿಪಾದಿಸುವ ಮತ್ತು ಉತ್ತರಿಸುವ ಹೊಣೆಯಿಂದ ನುಣುಚಿಕೊಳ್ಳುವ ಅಥವಾ ಅದರಲ್ಲಿ ಎಡವುವ ಬಗೆಗಳು. ಬೈಗುಳಕ್ಕೆ ಇದು ಪರವಾನಗಿಯಲ್ಲ. ಬೈಗುಳವು ಹೆಚ್ಚಿನ ಸಂದರ್ಭಗಳಲ್ಲಿ ಅರ್ಥಾಂತರವೇ ಆಗಿರುತ್ತದೆ. ಆದರೆ ಅದು ದೋಷವಾಗುವುದು ಕಟುವಾಗಿದೆ ಎಂಬ ಕಾರಣಕ್ಕಲ್ಲ, ಪ್ರಶ್ನೆಯನ್ನು ಕೈಬಿಟ್ಟಿದೆ ಎಂಬ ಕಾರಣಕ್ಕೆ.

3. ಅಕಲಂಕ: ಸಿದ್ಧಾಂತ ಮತ್ತು ಸ್ಮೃತಿ

ಗೆಲ್ಲಲು ಛಲವನ್ನು ಬಳಸಬಹುದೆಂಬ ನೈಯಾಯಿಕರ ರಿಯಾಯಿತಿಯನ್ನು ಒಪ್ಪದವರೂ ಇದ್ದರು. ಬೌದ್ಧರಲ್ಲಿ ಧರ್ಮಕೀರ್ತಿ, ಜೈನರಲ್ಲಿ ಅಕಲಂಕ ಇವರಲ್ಲಿ ಪ್ರಮುಖರು. ಕರ್ನಾಟಕದ ಜೈನ ಪರಂಪರೆಯು ತನ್ನವನೆಂದು ಗೌರವಿಸುವ, ಸುಮಾರು ಎಂಟನೆಯ ಶತಮಾನದ ಅಕಲಂಕನ ಪ್ರಕಾರ ತನ್ನ ಪಕ್ಷವನ್ನು ಪ್ರಮಾಣದಿಂದ ಸ್ಥಾಪಿಸುವುದೇ ಜಯ. ಎದುರಾಳಿಯ ನಾಲಗೆ ತೊಡರಿತೆಂದು ತೋರಿಸಿದ ಮಾತ್ರಕ್ಕೆ ಗೆಲುವು ಸಿದ್ಧಿಸುವುದಿಲ್ಲ. ಚರ್ಚೆಯ ಸಭ್ಯತೆಯ ದೃಷ್ಟಿಯಿಂದ ಇದು ಬಹುದೊಡ್ಡ ಹೆಜ್ಜೆ.

ಆದರೆ ಇದೇ ಅಕಲಂಕನನ್ನು ನಾಡು ನೆನಪಿಟ್ಟುಕೊಂಡ ಬಗೆ ಬೇರೆಯದು. 1129ರ ಶ್ರವಣಬೆಳಗೊಳದ ಮಲ್ಲಿಷೇಣ ಪ್ರಶಸ್ತಿಯಲ್ಲಿ ಅವನು ಹಿಮಶೀತಲನೆಂಬ ಅರಸನ ಸಭೆಯಲ್ಲಿ ಬೌದ್ಧರನ್ನು ಸೋಲಿಸಿ, ಘಟವನ್ನು ಕಾಲಿನಿಂದ ಒಡೆದ ವಾದಿಯಾಗಿ ಕಾಣಿಸಿಕೊಳ್ಳುತ್ತಾನೆ. ಅಹಂಕಾರದಿಂದಲ್ಲ, ದ್ವೇಷದಿಂದಲ್ಲ, ದಾರಿತಪ್ಪಿದ ಜನರ ಮೇಲಿನ ಕರುಣೆಯಿಂದ ಹಾಗೆ ಮಾಡಿದೆನೆಂದು ಶಾಸನ ಅವನ ಬಾಯಲ್ಲಿ ನುಡಿಸುತ್ತದೆ. ಶಾಸನದ ಈ ಕಥನ ಐತಿಹಾಸಿಕವೇ ಎಂಬ ಪ್ರಶ್ನೆಯನ್ನು ಬದಿಗಿಟ್ಟರೂ, ವಾದಿಯ ಸಿದ್ಧಾಂತಕ್ಕೂ ಅವನ ಅನುಯಾಯಿಗಳ ಸ್ಮೃತಿಗೂ ನಡುವಿನ ಅಂತರ ಇಲ್ಲಿ ಸ್ಪಷ್ಟ. ಕರುಣೆಯ ಮಾತು ಕಾಲಿನ ಒದೆತವನ್ನು ಸಮರ್ಥಿಸುವ ನುಡಿಗಟ್ಟಾಗಿ ಮಾರ್ಪಟ್ಟಿದೆ. ಸದುದ್ದೇಶವನ್ನು ಘೋಷಿಸಿದ ಮಾತ್ರಕ್ಕೆ ಚರ್ಚೆ ಸಭ್ಯವಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಹಳೆಯ ನಿದರ್ಶನ ಬೇಕಿಲ್ಲ.

4. ಬೂಸಾ ಮತ್ತು ಧರ್ಮಸ್ಥಳ

1973ರ ನವೆಂಬರಿನಲ್ಲಿ ಮೈಸೂರಿನ ಸಮಾರಂಭವೊಂದರಲ್ಲಿ, ಆಗ ದೇವರಾಜ ಅರಸು ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದು ಹೇಳಿದರು. ರಾಜ್ಯದ ಹಲವೆಡೆ ಪ್ರತಿಭಟನೆಗಳು ನಡೆದವು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಬಸವಲಿಂಗಪ್ಪನವರು ಸಚಿವ ಸ್ಥಾನವನ್ನು ಬಿಡಬೇಕಾಯಿತು. ಆ ದಿನಗಳ ಅನುಭವವನ್ನು ಸಿದ್ಧಲಿಂಗಯ್ಯನವರ ಆತ್ಮಕಥನ ‘ಊರುಕೇರಿ’ ದಾಖಲಿಸಿದೆ.

ವಾದಶಾಸ್ತ್ರದ ನೆಲೆಯಿಂದ ನೋಡಿದರೆ ಇಲ್ಲಿ ನಡೆದುದು ಏನು? ಬಸವಲಿಂಗಪ್ಪನವರ ಮಾತು ಕಟುವಾಗಿತ್ತು, ಸಾಮಾನ್ಯೀಕರಣದ ದೋಷವೂ ಅದರಲ್ಲಿತ್ತು. ಆದರೆ ಆ ಮಾತಿನೊಳಗೊಂದು ಪ್ರಶ್ನೆಯಿತ್ತು: ಈ ಸಾಹಿತ್ಯದಲ್ಲಿ ಯಾರ ಬದುಕಿಗೆ ಪೌಷ್ಟಿಕಾಂಶವಿದೆ, ಯಾರ ಬದುಕಿಗೆ ಇಲ್ಲ? ಅದಕ್ಕೆ ಉತ್ತರವಾಗಿ ಬರಬಹುದಾಗಿದ್ದ ವಾದಗಳು ಅನೇಕ. ವಚನಗಳನ್ನು ಮುಂದಿಡಬಹುದಿತ್ತು, ಜನಪದ ಕಾವ್ಯಗಳನ್ನು ಮುಂದಿಡಬಹುದಿತ್ತು, ಕಾರಂತ, ಕುವೆಂಪು ಅವರ ಕಾದಂಬರಿಗಳನ್ನು ಪ್ರತಿಸಾಕ್ಷ್ಯವಾಗಿ ಪರಿಶೀಲಿಸಬಹುದಿತ್ತು. ಹಾಗಾಗದೆ ಒಂದು ಪದ ಇಡೀ ಪ್ರಶ್ನೆಯ ಸ್ಥಾನವನ್ನು ಆಕ್ರಮಿಸಿತು. ದನಕರುಗಳ ಮೇವಿನ ರೂಪಕವು ಭಾಷಾದ್ರೋಹದ ಆರೋಪಕ್ಕೆ ಆಧಾರವಾಯಿತು. ಇದು ಛಲದ ಸ್ಪಷ್ಟ ರೂಪ. ಅದರ ಬೆನ್ನಿಗೆ ಬಂದ ಹಲ್ಲೆಯಂತೂ ವಾದದ ಯಾವ ಪ್ರಕಾರಕ್ಕೂ ಸೇರುವುದಿಲ್ಲ.

ಇದಕ್ಕೆ ಪೂರ್ತಿ ವ್ಯತಿರಿಕ್ತವೆಂದು ತೋರುವ ಸಂದರ್ಭ 1979ರದು. ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯದ ಗೋಷ್ಠಿಯೊಂದನ್ನು ಏರ್ಪಡಿಸಬೇಕೆಂಬ ಬೇಡಿಕೆ ಬಂದಿತು. ಅದನ್ನು ನಿರಾಕರಿಸಲಾಯಿತು. ಸಾಹಿತ್ಯದಲ್ಲಿ ಅಂಥ ಭೇದಗಳಿಲ್ಲವೆಂಬುದು ನಿರಾಕರಣೆಯ ಸಮರ್ಥನೆಯಾಗಿತ್ತು. ಇಲ್ಲಿ ಬೀದಿಯ ಗದ್ದಲವಿಲ್ಲ, ಮಾತಿನ ಮೇಲ್ಮೈಯಲ್ಲಿ ಉದಾತ್ತತೆಯೂ ಇದೆ. ಆದರೆ ಭೇದವಿದೆಯೇ ಇಲ್ಲವೇ ಎಂಬುದೇ ಚರ್ಚೆಯಾಗಬೇಕಿದ್ದ ವಿಷಯ. ಸಾಧಿಸಬೇಕಾದುದನ್ನೇ ಸಿದ್ಧವೆಂದು ಇಟ್ಟುಕೊಂಡ ಈ ಉತ್ತರವು ಶಾಸ್ತ್ರದ ಪರಿಭಾಷೆಯಲ್ಲಿ ಹೇತ್ವಾಭಾಸವಾಗುತ್ತದೆ, ಮತ್ತು ಹೇತ್ವಾಭಾಸವು 22 ನಿಗ್ರಹಸ್ಥಾನಗಳಲ್ಲಿ ಕೊನೆಯದು. ಅದೇ ವರ್ಷದ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ನಡೆಯಿತು. ಒಳಗೆ ಅವಕಾಶ ದೊರೆಯದ ಪ್ರಶ್ನೆ ಹೊರಗೆ ತನ್ನದೇ ಸಭೆಯನ್ನು ಕಟ್ಟಿಕೊಂಡಿತು.

ಈ ಎರಡು ಸಂದರ್ಭಗಳನ್ನು ಒಟ್ಟಿಗಿಟ್ಟು ನೋಡುವುದು ಅಗತ್ಯ. 1973ರದು ಅಸಭ್ಯ, 1979ರದು ಸಭ್ಯ ಎಂದು ವಿಭಜಿಸುವುದು ದನಿಯನ್ನು ಮಾತ್ರ ಅಳೆದಂತೆ. ಎರಡರಲ್ಲಿಯೂ ಪ್ರಶ್ನೆಗೆ ದೊರೆಯಬೇಕಿದ್ದ ಉತ್ತರ ದೊರೆಯಲಿಲ್ಲ. ಹಿಂಸೆಯ ವಿಷಯದಲ್ಲಿ ಅವೆರಡನ್ನೂ ಸಮೀಕರಿಸಲಾಗದು. ಉತ್ತರದ ಅಭಾವದ ವಿಷಯದಲ್ಲಿ ಅವು ಸಮೀಪವರ್ತಿಗಳು.

5. ಭಯದ ಪ್ರತಿಜ್ಞಾಸಂನ್ಯಾಸ

ತಾನು ಮಂಡಿಸಿದ ಪ್ರತಿಜ್ಞೆಯನ್ನು ತಾನೇ ಕೈಬಿಡುವುದನ್ನು ನ್ಯಾಯಶಾಸ್ತ್ರ ಪ್ರತಿಜ್ಞಾಸಂನ್ಯಾಸವೆಂದು ಕರೆದು ಸೋಲೆಂದು ಪರಿಗಣಿಸುತ್ತದೆ. ಈ ನಿಯಮದ ಹಿಂದೊಂದು ಪೂರ್ವಗ್ರಹಿಕೆಯಿದೆ: ಪ್ರತಿಜ್ಞೆಯನ್ನು ಬಿಡಿಸಿದ್ದು ಎದುರಾಳಿಯ ಹೇತು. ಬಿಡಿಸಿದ್ದು ಭಯವಾದರೆ? 1989ರಲ್ಲಿ ಎಂ. ಎಂ. ಕಲಬುರ್ಗಿಯವರು ‘ಮಾರ್ಗ’ದ ಕೆಲವು ಬರಹಗಳ ಬಗೆಗೆ ಎದ್ದ ವಿವಾದದಲ್ಲಿ ಒತ್ತಡಕ್ಕೆ ಸಿಲುಕಿ ತಮ್ಮ ಅಭಿಪ್ರಾಯಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. ಆ ಹಿಂತೆಗೆತದಿಂದ ಸಂಶೋಧನೆಯ ಯಾವ ಪ್ರಶ್ನೆಯೂ ಇತ್ಯರ್ಥವಾಗಲಿಲ್ಲ. ಅವರ ನಿರ್ಣಯಗಳು ಸರಿಯಾಗಿದ್ದವೆಂದಾಗಲಿ ತಪ್ಪಾಗಿದ್ದವೆಂದಾಗಲಿ ಅದರಿಂದ ಸಿದ್ಧವಾಗುವುದಿಲ್ಲ. ವಿದ್ವಾಂಸನೊಬ್ಬ ಮೌನವಾದನೆಂಬುದಷ್ಟೇ ಸಿದ್ಧವಾಗುತ್ತದೆ. 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯಲ್ಲಿ ಅವರು ಗುಂಡಿಗೆ ಬಲಿಯಾದರು. ಕನ್ನಡ ಸಂಶೋಧನೆಯಲ್ಲಿ ತೊಡಗಿದವರಿಗೆ ಸಂವಾದದ ಸಭ್ಯತೆ ಶಿಷ್ಟಾಚಾರದ ವಿಷಯ ಮಾತ್ರವಾಗಿ ಉಳಿಯದಿರುವುದು ಈ ಕಾರಣಕ್ಕೆ. ಶಾಸನವೊಂದರ ಪಾಠವನ್ನೋ ವಚನವೊಂದರ ಅರ್ಥವನ್ನೋ ಬೇರೆಯಾಗಿ ಓದಬಹುದೆಂದು ಬರೆಯುವ ಪ್ರತಿಯೊಬ್ಬರೂ ಇದರ ಪರಿಣಾಮವನ್ನು ಎದುರಿಸುವವರೇ.

6. ವಾದಿಯೇ ಸಭಾಪತಿಯಾದಾಗ

ಜೈನ ತಾರ್ಕಿಕರು ವಾದಕ್ಕೆ ನಾಲ್ಕು ಅಂಗಗಳನ್ನು ಹೇಳುತ್ತಾರೆ: ವಾದಿ, ಪ್ರತಿವಾದಿ, ಸಭ್ಯರು, ಸಭಾಪತಿ. ‘ಸಭ್ಯ’ ಎಂಬ ಪದ ಇಲ್ಲಿ ಸಭೆಯಲ್ಲಿ ಕುಳಿತು ತೂಗಿನೋಡುವವನನ್ನು ಸೂಚಿಸುತ್ತದೆ. ನಯವಾಗಿ ಮಾತನಾಡುವವನು ಎಂಬ ಈಗಿನ ಅರ್ಥಕ್ಕಿಂತ ಈ ಹಳೆಯ ಅರ್ಥ ಹೆಚ್ಚು ಹೊಣೆಗಾರಿಕೆಯದು.

ಆಧುನಿಕ ಕನ್ನಡದ ಅಭಿಪ್ರಾಯ ಪತ್ರಿಕೆಗಳಲ್ಲಿ ಈ ಅಂಗಗಳು ಒಂದರೊಳಗೊಂದು ಬೆರೆತವು. 1962ರ ‘ಸಾಕ್ಷಿ’ಯಲ್ಲಿ ಗೋಪಾಲಕೃಷ್ಣ ಅಡಿಗರು, 1980ರಿಂದ ತಮ್ಮ ಪತ್ರಿಕೆಯಲ್ಲಿ ಲಂಕೇಶರು ಸಂಪಾದಕರೂ ಹೌದು, ಪ್ರಬಲವಾದ ನಿಲುವುಳ್ಳ ಲೇಖಕರೂ ಹೌದು. ಇಂಥ ಕಡೆ ವಾದಿಯೇ ಸಭಾಪತಿಯಾಗುತ್ತಾನೆ. ಯಾವ ಓದುಗನ ಪ್ರತಿಕ್ರಿಯೆ ಪ್ರಕಟವಾಗಬೇಕು, ಎಷ್ಟು ಪ್ರಕಟವಾಗಬೇಕು, ಕೊನೆಯ ಮಾತು ಯಾರದಾಗಬೇಕು ಎಂಬ ನಿರ್ಧಾರಗಳು ಅವನವೇ. ವ್ಯಕ್ತಿಕೇಂದ್ರಿತ ಪತ್ರಿಕೆಗಳ ಚೈತನ್ಯ ಇರುವುದೂ ಅಪಾಯ ಇರುವುದೂ ಇಲ್ಲಿಯೇ.

ಈ ಇಕ್ಕಟ್ಟಿಗೆ ನಿಗ್ರಹಸ್ಥಾನಗಳ ಪಟ್ಟಿಯಲ್ಲಿ ಎರಡು ಉಪಯುಕ್ತ ಸೂಚನೆಗಳಿವೆ. ಆಕ್ಷೇಪಿಸಬೇಕಾದುದನ್ನು ಉಪೇಕ್ಷಿಸುವುದು ಪರ್ಯನುಯೋಜ್ಯೋಪೇಕ್ಷಣ. ಆಕ್ಷೇಪಿಸಬಾರದುದನ್ನು ಆಕ್ಷೇಪಿಸುವುದು ನಿರನುಯೋಜ್ಯಾನುಯೋಗ. ಮೊದಲನೆಯದನ್ನು ಎತ್ತಿಹೇಳಬೇಕಾದುದು ಸಭೆ ಎಂದು ಭಾಷ್ಯಕಾರ ವಾತ್ಸ್ಯಾಯನನ ಅಭಿಪ್ರಾಯ, ಏಕೆಂದರೆ ಸೋತವನು ತನ್ನ ಸೋಲನ್ನು ತಾನೇ ಬಯಲುಮಾಡಲಾರ. ಸಂಪಾದಕನಿಗೆ ಇವೆರಡನ್ನೂ ಅನ್ವಯಿಸಬಹುದು. ತನ್ನ ಪಕ್ಷದವರ ಅರ್ಥಾಂತರವನ್ನು ಕಂಡೂ ಕಾಣದಂತಿರುವುದು ಮೊದಲನೆಯ ದೋಷ. ತನ್ನ ನಿಲುವನ್ನು ಪ್ರಶ್ನಿಸಿದ ಓದುಗನ ಭಾಷೆ ಒರಟೆಂಬ ಕಾರಣಕ್ಕೆ ಅವನ ಪ್ರಶ್ನೆಯನ್ನೇ ಕೈಬಿಡುವುದು ಎರಡನೆಯ ದೋಷ. ಇವುಗಳಿಂದ ಪಾರಾಗಲು ಮೂರು ನಿಯಮಗಳನ್ನು ಪ್ರಸ್ತಾಪಿಸಬಹುದು. ಖಂಡಿಸುವ ಮೊದಲು ಎದುರಿನವರ ವಾದವನ್ನು ಅವರು ಒಪ್ಪುವ ರೀತಿಯಲ್ಲಿ ಅನುವಾದಿಸಿ ಹೇಳಬೇಕು. ಭಾಷೆಯನ್ನು ತಿದ್ದುವ ಅಧಿಕಾರವನ್ನು ಪ್ರಶ್ನೆಯನ್ನು ಅಳಿಸಲು ಬಳಸಬಾರದು. ಟೀಕೆಗೆ ಒಳಗಾದವರಿಗೆ ಅದೇ ಸ್ಥಳದಲ್ಲಿ ಉತ್ತರಿಸುವ ಅವಕಾಶವಿರಬೇಕು.

7. ಉಪಸಂಹಾರ

ಚರಕಸಂಹಿತೆಯ ವಿಮಾನಸ್ಥಾನವು ವೈದ್ಯರ ಚರ್ಚೆಯನ್ನು ಸ್ನೇಹದ ಸಂಭಾಷೆ, ವಿರೋಧದ ಸಂಭಾಷೆ ಎಂದು ಎರಡಾಗಿ ವಿಂಗಡಿಸುತ್ತದೆ. ಸ್ನೇಹದ ಸಂಭಾಷೆಯಲ್ಲಿ ಸೋಲಿಗೆ ಅಂಜಬಾರದು, ಗೆದ್ದಾಗ ಹಿಗ್ಗಬಾರದು ಎಂಬುದು ಅಲ್ಲಿನ ತಿಳುವಳಿಕೆ. ಸೋಲು ಅಂಜಿಕೆಯ ವಿಷಯವಾಗದಂಥ ಸಭೆಯನ್ನು ಕಟ್ಟುವುದು ವ್ಯಕ್ತಿಯೊಬ್ಬನ ಸೌಜನ್ಯದಿಂದಷ್ಟೇ ಆಗುವ ಕೆಲಸವಲ್ಲ; ಅದಕ್ಕೆ ಸಂಸ್ಥೆಗಳ ನಡಾವಳಿ ಬೇಕು. ಕನ್ನಡ ವಿಭಾಗಗಳ ಸಂಕಿರಣಗಳಲ್ಲಿ ಪ್ರಬಂಧ ಮಂಡನೆಯ ಬಳಿಕ ಸಮಯಾಭಾವದ ಹೆಸರಿನಲ್ಲಿ ಮೊದಲು ಕಡಿತಗೊಳ್ಳುವುದು ಸಂವಾದದ ಅವಧಿ. ಮೌಖಿಕ ಪರೀಕ್ಷೆಯಲ್ಲಿ ಮಾರ್ಗದರ್ಶಕರ ನಿಲುವನ್ನು ಒಪ್ಪದ ವಿದ್ಯಾರ್ಥಿಯ ಮೌನವನ್ನು ವಿನಯವೆಂದು ಬಗೆಯುವುದುಂಟು. ಶಾಸ್ತ್ರದ ಭಾಷೆಯಲ್ಲಿ ಮೊದಲನೆಯದು ವಿಕ್ಷೇಪ. ಎರಡನೆಯದು ಶಾಸ್ತ್ರ ಹೇಳುವ ಅಪ್ರತಿಭಾ, ಅಂದರೆ ಉತ್ತರ ಹೊಳೆಯದ ಸ್ಥಿತಿಯೇ, ಅಥವಾ ಭಯವೇ ಎಂಬುದನ್ನು ಬೇರ್ಪಡಿಸಿ ತಿಳಿಯುವ ಹೊಣೆ ಸಭ್ಯರದು. ಕನ್ನಡ ವಿವಾದಗಳ ಚರಿತ್ರೆಯನ್ನು ಬರೆಯುವಾಗಲೂ ಯಾರು ಗೆದ್ದರು ಎಂಬುದಕ್ಕಿಂತ ಯಾವ ಪ್ರಶ್ನೆಗೆ ಉತ್ತರ ದೊರೆಯಿತು, ಯಾವುದಕ್ಕೆ ದೊರೆಯಲಿಲ್ಲ ಎಂಬ ಎಣಿಕೆಯಿಂದ ಆರಂಭಿಸುವುದು ಹೆಚ್ಚು ಫಲಕಾರಿಯಾದೀತು.