ಮುರಿಯುವುದಕ್ಕೂ ಒಂದು ಬಜೆಟ್

ಇನ್ನೂರು ಗ್ರಾಂ ತೂಕದ, ಹದಿನೈದು ಸೆಂಟಿಮೀಟರ್ ಉದ್ದದ ಒಂದು ಉಕ್ಕಿನ ಪಟ್ಟಿ. ನಿಮಿಷಕ್ಕೆ 10,000 ಸುತ್ತು ತಿರುಗುವಾಗ ಅದರಲ್ಲಿ ಕೂಡಿರುವ ಶಕ್ತಿ ಸುಮಾರು 200 ಜೌಲ್. ಒಂದೂವರೆ ಕಿಲೋ ರೋಬೋವನ್ನು ನಾಲ್ಕಂತಸ್ತಿನ ಕಟ್ಟಡದ ತಾರಸಿಯಿಂದ ಕೆಳಕ್ಕೆ ಬಿಟ್ಟರೆ, ನೆಲ ಮುಟ್ಟುವ ಹೊತ್ತಿಗೆ ಅದರಲ್ಲಿರುವ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ. ರೋಬೋ ಕಾಳಗದಲ್ಲಿ ಇಂಥ ಪಟ್ಟಿಯೇ ಆಯುಧ; ಮೂರು ನಿಮಿಷದ ಪಂದ್ಯದಲ್ಲಿ ಅದರ ಏಟು ಒಂದಕ್ಕೇ ನಿಲ್ಲುವುದಿಲ್ಲ. ಕಾದಾಡುವ ರೋಬೋ ಕಟ್ಟುವ ಮನೆಯ ಬಜೆಟ್ ಈ ಲೆಕ್ಕದಿಂದಲೇ ಶುರುವಾಗಬೇಕು ಎನ್ನುವುದು ಈ ಅಂಕಣಕಾರನ ಖಚಿತ ಅಭಿಪ್ರಾಯ. ಕಟ್ಟಲು ಎಷ್ಟು ದುಡ್ಡಿದೆ ಎಂದು ನೋಡಿ ತೂಕದ ವರ್ಗ ಆರಿಸುವವರೇ ಹೆಚ್ಚು. ಮುರಿದದ್ದನ್ನು ಮತ್ತೆ ಜೋಡಿಸಲು ಎಷ್ಟಿದೆ ಎಂದು ನೋಡಿ ಆರಿಸಬೇಕು.

ದೊಡ್ಡದನ್ನೇ ಕಟ್ಟಬೇಕೆಂಬ ಆಸೆಗೆ ಟಿವಿಯ ಪಾಲು ಬಹಳ. 1994ರಲ್ಲಿ ಮಾರ್ಕ್ ಥಾರ್ಪ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ‘ರೋಬೋಟ್ ವಾರ್ಸ್’ ನಡೆಸಿದರು. 1998ರಲ್ಲಿ ಬಿಬಿಸಿ ಅದನ್ನು ಬ್ರಿಟನ್ನಿನ ಮನೆಮನೆಗೆ ಮುಟ್ಟಿಸಿತು. ಅಮೆರಿಕದ ‘ಬ್ಯಾಟಲ್‌ಬಾಟ್ಸ್’ನಲ್ಲಿ ಇವತ್ತು ಸೆಣಸುವ ಯಂತ್ರಗಳ ತೂಕದ ಮಿತಿ 250 ಪೌಂಡ್, ಅಂದರೆ 113 ಕಿಲೋ. ನಮ್ಮಲ್ಲಿ ಐಐಟಿ ಬಾಂಬೆಯ ಟೆಕ್‌ಫೆಸ್ಟ್‌ನ ರೋಬೋವಾರ್ಸ್ ಎಂದರೆ ಹುಡುಗರ ಕಣ್ಣಮುಂದೆ ಬರುವುದು 60 ಕಿಲೋ ಯಂತ್ರಗಳು. ಆದರೆ ಮನೆಯಲ್ಲಿ, ಸ್ವಂತ ದುಡ್ಡಿನಲ್ಲಿ, ರಾತ್ರಿ ಊಟವಾದ ಮೇಲೆ ಕೂತು ಕಟ್ಟುವವರಿಗೆ ಬೇರೆ ವರ್ಗಗಳಿವೆ. ಬ್ರಿಟನ್ನಿನ ಆ್ಯಂಟ್‌ವೇಟ್ ಬರೀ 150 ಗ್ರಾಂ. ಅಮೆರಿಕದ ಬೀಟಲ್‌ವೇಟ್ ಮೂರು ಪೌಂಡ್, ಬ್ರಿಟನ್ನಿನದು ಒಂದೂವರೆ ಕಿಲೋ.

ಬೆಂಗಳೂರಿನ ರಾಜಾಜಿನಗರದ ಮನೆಯಲ್ಲಿ ಅಂಕಣಕಾರ ಮತ್ತು ಎಂಜಿನಿಯರಿಂಗ್ ಓದುವ ಅವನ ಮಗಳು ಆರಿಸಿಕೊಂಡದ್ದು ಈ ಒಂದೂವರೆ ಕಿಲೋ ವರ್ಗವನ್ನು. ಒಟ್ಟು ಇಟ್ಟ ದುಡ್ಡು ಸುಮಾರು 25,000 ರೂಪಾಯಿ. ಅದನ್ನು ಮೊದಲೇ ಮೂರು ಪಾಲು ಮಾಡಲಾಯಿತು. ರಿಮೋಟ್ ಮತ್ತು ರಿಸೀವರ್, ಬ್ಯಾಲೆನ್ಸ್ ಚಾರ್ಜರ್, ಸೋಲ್ಡರಿಂಗ್ ಕಡ್ಡಿ, ಮಲ್ಟಿಮೀಟರ್ – ಇವಕ್ಕೆ ಎಂಟು ಸಾವಿರದ ಹತ್ತಿರ. ರೋಬೋಗೆ ಒಂಬತ್ತು. ಉಳಿದ ಎಂಟು ಸಾವಿರ ಪೂರ್ತಿ ಬಿಡಿಭಾಗಕ್ಕೆ: ಎರಡನೇ ಬ್ಯಾಟರಿ, ಆಯುಧದ ಮೋಟರ್ ಇನ್ನೊಂದು, ಸ್ಪೀಡ್ ಕಂಟ್ರೋಲರ್ ಇನ್ನೊಂದು, ಗೇರ್ ಮೋಟರ್ ಎರಡು, ಪಕ್ಕದ ಪ್ಲೇಟುಗಳು, ಹೆಚ್ಚಿನ ಪಟ್ಟಿಗಳು. ಮೊದಲ ಪಾಲನ್ನು ಖರ್ಚು ಎಂದು ಬರೆಯಬಾರದು. ಒಳ್ಳೆಯ ರಿಮೋಟ್ ವರ್ಷಗಟ್ಟಲೆ ಬಾಳುತ್ತದೆ, ಬೇಕಿಲ್ಲದಾಗ ಮಾರಿದರೆ ಒಂದಿಷ್ಟು ದುಡ್ಡೂ ವಾಪಸ್ ಬರುತ್ತದೆ. ಮೂರನೆಯ ಪಾಲು ಮಾತ್ರ ಸ್ಪರ್ಧೆಯ ದಿನ ಕರಗಲಿಕ್ಕೇ ಇಟ್ಟದ್ದು. ಬೆಲೆ ನೋಡಿ ಮನಸ್ಸು ಎಷ್ಟೇ ಎಳೆದರೂ ಅದಕ್ಕೆ ಕೈ ಹಾಕಿ ಇನ್ನೂ ದೊಡ್ಡ ಮೋಟರ್ ಕೊಳ್ಳಬಾರದು.

ಒಂದೂವರೆ ಕಿಲೋದಿಂದ 8 ಕಿಲೋ ವರ್ಗಕ್ಕೆ ಹೋದರೆ ತೂಕ ಐದು ಪಟ್ಟು ಹೆಚ್ಚುತ್ತದೆ, ಖರ್ಚು ಅದಕ್ಕಿಂತ ಜಾಸ್ತಿ. ಕಾರಣ ಮಾರುಕಟ್ಟೆಯಲ್ಲಿದೆ. ಸಣ್ಣ ಬ್ರಷ್‌ಲೆಸ್ ಮೋಟರ್, ಅದರ ಕಂಟ್ರೋಲರ್, ಸಣ್ಣ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಇವೆಲ್ಲ ಡ್ರೋನ್ ಮತ್ತು ಆಟಿಕೆ ವಿಮಾನಗಳಿಗಾಗಿ ಲಕ್ಷಗಟ್ಟಲೆ ತಯಾರಾಗುವ ಮಾಲು. ಎಸ್.ಪಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಸಿಗುತ್ತವೆ, ಅಂಗಡಿಯಿಂದ ಅಂಗಡಿಗೆ ಬೆಲೆ ಕೇಳಿ ಚೌಕಾಸಿ ಮಾಡಬಹುದು. ಭಾರದ ವರ್ಗಗಳಿಗೆ ಹೋದಂತೆ ಸಿದ್ಧ ಮಾಲು ಕಡಿಮೆಯಾಗುತ್ತ, ಶಾಫ್ಟು, ಪುಲ್ಲಿ, ಬೇರಿಂಗ್ ಕೂರುವ ಬ್ಲಾಕು ಎಲ್ಲವನ್ನೂ ಹೇಳಿ ಮಾಡಿಸಬೇಕಾಗುತ್ತದೆ. ಪರೀಕ್ಷೆಯ ಖರ್ಚು ಇನ್ನೊಂದು. ಸಣ್ಣ ರೋಬೋದ ಆಯುಧ ತಿರುಗಿಸಿ ನೋಡಲು ದಪ್ಪ ಪಾಲಿಕಾರ್ಬೊನೇಟ್ ಹಾಳೆಗಳ ಪೆಟ್ಟಿಗೆಯನ್ನು ಮನೆಯಲ್ಲೇ ಕಟ್ಟಿಕೊಳ್ಳಬಹುದು. 8 ಕಿಲೋ ಯಂತ್ರದ ಆಯುಧವನ್ನು ಮನೆಯಂಗಳದಲ್ಲಿ ತಿರುಗಿಸುವುದು ಅಪಾಯ, ಯಾರೂ ಮಾಡಕೂಡದು. ಪೆಟ್ಟಿಗೆಯಿಲ್ಲದೆ ಸಣ್ಣದನ್ನೂ ತಿರುಗಿಸಬಾರದು.

ದುಡ್ಡು ಉಳಿಸುವ ಒಳ್ಳೆಯ ಪಾಠ ಸಿಕ್ಕಿದ್ದು ಪೀಣ್ಯದ ಒಂದು ಜಾಬ್ ವರ್ಕ್ ಶೆಡ್ಡಿನಲ್ಲಿ. ಪಟ್ಟಿ ಕೊರೆಸಲು ಹೋದ ಮಗಳು ಒಂದೇ ಒಂದು ಪೀಸಿನ ಬೆಲೆ ಕೇಳಿದಳು. ಮಾಲೀಕರು ಡ್ರಾಯಿಂಗ್ ನೋಡಿ ಹೇಳಿದರು: “ಒಂದಕ್ಕೂ ಸೆಟ್ಟಿಂಗ್ ಅಷ್ಟೇ, ಐದಕ್ಕೂ ಅಷ್ಟೇ ಕಣಮ್ಮ. ಐದು ತಗೊಂಡ್ಹೋಗು, ಒಂದೊಂದಕ್ಕೆ ಬೀಳೋದು ಕಮ್ಮಿಯಾಗುತ್ತೆ.” ಲೇಸರ್ ಕಟಿಂಗ್‌ನಲ್ಲಿ ದುಡ್ಡು ಬೀಳುವುದು ಲೋಹದ ದಪ್ಪಕ್ಕೆ, ಕೊರೆಯುವ ಗೆರೆಯ ಉದ್ದಕ್ಕೆ. ಜೊತೆಗೆ ಇಂತಿಷ್ಟಕ್ಕಿಂತ ಕಡಿಮೆ ಕೆಲಸ ತೆಗೆದುಕೊಳ್ಳುವುದಿಲ್ಲ ಎಂಬ ಕನಿಷ್ಠ ಮೊತ್ತವೂ ಇರುತ್ತದೆ. ಆದ್ದರಿಂದ ಬಿಡಿಭಾಗಗಳನ್ನು ಮೊದಲ ಸಲವೇ ಸೇರಿಸಿ ಮಾಡಿಸಿದರೆ ಆಗುವ ಉಳಿತಾಯ ಕಣ್ಣಿಗೆ ಕಾಣುವಷ್ಟು ದೊಡ್ಡದು. ಇನ್ನೊಂದು ತಂಡದ ಪ್ಲೇಟುಗಳನ್ನೂ ಅದೇ ಹಾಳೆಯಲ್ಲಿ ಹೊಂದಿಸಿದರೆ ಇಬ್ಬರಿಗೂ ಲಾಭ. ಅಖಾಡದಲ್ಲಿ ಎದುರಾಳಿಗಳಾಗುವವರು ಶೆಡ್ಡಿನಲ್ಲಿ ಪಾಲುದಾರರಾಗುವುದು ಈ ಆಟದ ಅತ್ಯಂತ ಚೆಂದದ ಸಂಗತಿ.

ಬ್ಯಾಟರಿಯಲ್ಲಿ ಮಾತ್ರ ಜಿಪುಣತನ ಬೇಡ. ಲಿಪೋದ ಪ್ರತಿ ಸೆಲ್ ತುಂಬಿದಾಗ 4.2 ವೋಲ್ಟ್, ಎತ್ತಿಡುವಾಗ 3.8ರ ಸುಮಾರು ಇರಬೇಕು, 3ಕ್ಕಿಂತ ಕೆಳಗಿಳಿದರೆ ಸೆಲ್ ಕೆಡುತ್ತದೆ. ಅಳತೆಯಿಲ್ಲದ ಅಗ್ಗದ ಚಾರ್ಜರ್ ಸೆಲ್‌ಗಳನ್ನು ಸಮ ಮಾಡುವುದಿಲ್ಲ. ಒಂದು ಸೆಲ್ ಮಿತಿ ಮೀರಿ ತುಂಬಿತೆಂದರೆ ಬೆಂಕಿಯೇ ಹತ್ತಬಹುದು. ಎರಡು ಸಾವಿರ ಚಿಲ್ಲರೆಯ ಬ್ಯಾಲೆನ್ಸ್ ಚಾರ್ಜರ್, ಪಕ್ಕದಲ್ಲಿ ಒಂದು ಬಕೆಟ್ ಮರಳು, ಚಾರ್ಜ್ ಆಗುವಷ್ಟು ಹೊತ್ತೂ ಎದುರಿಗೆ ಒಬ್ಬರು. ಇಡೀ ಬಜೆಟ್ಟಿನಲ್ಲಿ ಅಂಕಣಕಾರ ಒಂದಿಷ್ಟೂ ಯೋಚಿಸದೆ ಕೊಟ್ಟ ದುಡ್ಡು ಈ ಚಾರ್ಜರಿನದು. ಬ್ಯಾಟರಿಯ ಬೆಲೆಯಲ್ಲಿ ತೆರಿಗೆಯ ಪಾಲೂ ಇದೆ: 2018ರ ಜುಲೈನಲ್ಲಿ ಲಿಥಿಯಂ ಅಯಾನ್ ಬ್ಯಾಟರಿಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಹೊರದೇಶದಿಂದ ನೇರವಾಗಿ ಭಾಗ ತರಿಸುವವರು ಇನ್ನೊಂದನ್ನು ಗಮನಿಸಬೇಕು. ಕಸ್ಟಮ್ಸ್ ಸುಂಕ ಲೆಕ್ಕವಾಗುವುದು ಮಾಲಿನ ಬೆಲೆಗೆ ಸಾಗಣೆ ಮತ್ತು ವಿಮೆಯನ್ನೂ ಸೇರಿಸಿದ ಮೊತ್ತದ ಮೇಲೆ. ಆ ಸುಂಕವೂ ಕೂಡಿದ ಮೇಲೆ ಐಜಿಎಸ್‌ಟಿ ಬೀಳುತ್ತದೆ.

ಖರ್ಚು ಮಾಡಿದವನೇ ಗೆಲ್ಲುತ್ತಾನೆ ಎಂಬ ನಂಬಿಕೆಗೆ ಈ ಆಟದ ಚರಿತ್ರೆಯೇ ಉತ್ತರ ಕೊಡುತ್ತದೆ. 1995ರ ರೋಬೋಟ್ ವಾರ್ಸ್‌ನಲ್ಲಿ ಹೆಸರು ಮಾಡಿದ ‘ಲಾ ಮೆಷೀನ್’ ಮೂಲತಃ ಇಳಿಜಾರು ಮೂತಿಯ, ಜೋರಾಗಿ ಓಡುವ ಒಂದು ಪೆಟ್ಟಿಗೆ. 2015ರ ಬ್ಯಾಟಲ್‌ಬಾಟ್ಸ್ ಫೈನಲ್‌ನಲ್ಲಿ ಭಯಂಕರ ಪಟ್ಟಿ ತಿರುಗಿಸುವ ‘ಟೂಂಬ್‌ಸ್ಟೋನ್’ ಎದುರು ಗೆದ್ದದ್ದು ಪಾಲ್ ವೆಂಟಿಮಿಲಿಯಾ ಅವರ ‘ಬೈಟ್ ಫೋರ್ಸ್’. ಆ ವರ್ಷ ಅದರಲ್ಲಿ ತಿರುಗುವ ಆಯುಧ ಇರಲಿಲ್ಲ. ಏಟು ತಡೆದುಕೊಂಡು ಓಡುತ್ತಲೇ ಇದ್ದ ಯಂತ್ರ ಪಂದ್ಯ ಗೆದ್ದಿತು. ಸೀಮಿತ ದುಡ್ಡಿರುವವರು ಚಕ್ರ, ಗೇರ್ ಮೋಟರ್, ವೈರಿಂಗ್ ಗಟ್ಟಿ ಮಾಡಿಕೊಂಡು ಆಮೇಲೆ ಆಯುಧದ ಕಡೆ ನೋಡಬೇಕು. ತೀರ್ಪುಗಾರರು ಆಕ್ರಮಣಕ್ಕೂ ಹತೋಟಿಗೂ ಅಂಕ ಕೊಡುತ್ತಾರೆ, ನಿಂತುಹೋದ ರೋಬೋಗೆ ಏನೂ ಸಿಗುವುದಿಲ್ಲ.

ಊರು ಬಿಟ್ಟು ಹೋಗುವವರ ಲೆಕ್ಕದಲ್ಲಿ ಪ್ರಯಾಣವೂ ಸೇರಬೇಕು. ದೇಶದೊಳಗಿನ ಬಹುತೇಕ ವಿಮಾನಗಳಲ್ಲಿ ಚೆಕ್-ಇನ್ ಸಾಮಾನಿನ ಮಿತಿ 15 ಕಿಲೋ. 15 ಕಿಲೋ ವರ್ಗದ ರೋಬೋ ಒಂದೇ ಅಷ್ಟನ್ನೂ ನುಂಗುತ್ತದೆ, ಬಿಡಿಭಾಗ ಮತ್ತು ಟೂಲ್‌ಬಾಕ್ಸಿಗೆ ಬೇರೆ ದುಡ್ಡು. ಬಿಡಿ ಲಿಥಿಯಂ ಬ್ಯಾಟರಿಗಳನ್ನು ಚೆಕ್-ಇನ್‌ಗೆ ಹಾಕುವಂತಿಲ್ಲ, ಕೈಚೀಲದಲ್ಲೇ ಒಯ್ಯಬೇಕು. 100 ವ್ಯಾಟ್-ಅವರ್ ದಾಟಿದರೆ ವಿಮಾನ ಸಂಸ್ಥೆಯ ಅನುಮತಿ ಬೇಕು. ಆರು ಸೆಲ್‌ನ 5000 ಎಂಎಎಚ್ ಬ್ಯಾಟರಿ ಒಂದೇ 111 ವ್ಯಾಟ್-ಅವರ್ ಆಗುತ್ತದೆ. ಒಂದೂವರೆ ಕಿಲೋ ರೋಬೋದ ಮೂರು ಸೆಲ್‌ನ 1300 ಎಂಎಎಚ್ ಬ್ಯಾಟರಿ 15ಕ್ಕೂ ಕಡಿಮೆ.

ಮಗಳಿಗೆ ಮುಂದಿನ ಸಲ 8 ಕಿಲೋ ವರ್ಗಕ್ಕೆ ಇಳಿಯುವ ಆಸೆ. ಅಂಕಣಕಾರ ಬೇಡ ಎನ್ನಲಿಲ್ಲ. ದುಡ್ಡು ಹಾಕುವ ಗೆಳತಿಯರು ಮೂವರಾದರೂ ಸಿಗಬೇಕು, ಪರೀಕ್ಷೆಗೆ ಕಾಲೇಜಿನ ಅಖಾಡ ಸಿಗಬೇಕು, ಬಜೆಟ್ಟಿನ ಮೂರನೇ ಒಂದು ಭಾಗ ಬಿಡಿಭಾಗಕ್ಕೇ ಇರಬೇಕು ಎಂದು ಹೇಳಿದ್ದಾನೆ. ಅವಳು ಈಗಾಗಲೇ ಇಬ್ಬರನ್ನು ಒಪ್ಪಿಸಿದ್ದಾಳೆ.