ಒಸಡಿನ ರಕ್ತವೂ ಅದರ ವಿಷಯವಾದ ತಪ್ಪು ತಿಳುವಳಿಕೆಗಳೂ

ಬೆಳಿಗ್ಗೆ ಹಲ್ಲುಜ್ಜಿ ಉಗುಳುವಾಗ ಉಗುಳಿನಲ್ಲಿ ರಕ್ತವನ್ನು ಕಂಡವರು ನಿಮ್ಮಲ್ಲಿ ಅನೇಕರಿರಬಹುದು. ಕಾಲಿಗೆ ಮುಳ್ಳು ತಾಗಿ ರಕ್ತ ಬಂದರೆ ಕೂಡಲೇ ಕುಳಿತು ನೋಡಿಕೊಳ್ಳುವ ನಾವು ಬಾಯೊಳಗಿನ ರಕ್ತವನ್ನು ಮುಕ್ಕಳಿಸಿ ಮರೆತುಬಿಡುತ್ತೇವೆ. ನೋವಿಲ್ಲದಿರುವದೇ ಇದಕ್ಕೆ ಕಾರಣ. ಆದರೆ ಒಸಡಿನ ರೋಗದ ಸ್ವಭಾವವೇ ಹಾಗೆ. ಅದು ವರುಷಗಟ್ಟಲೆ ನೋವಿಲ್ಲದೆ ಬೆಳೆದು, ಎಷ್ಟೋ ಸಾರಿ ಹಲ್ಲು ಅಲುಗಾಡುವಾಗಲೇ ನಮಗೆ ತಿಳಿದುಬರುವದು.

ಹಲ್ಲನ್ನು ಎಷ್ಟು ಶುದ್ಧಮಾಡಿದರೂ ಕೆಲವು ತಾಸುಗಳೊಳಗೆ ಅದರ ಮೇಲೆ ಸೂಕ್ಷ್ಮಜೀವಿಗಳ ತೆಳುವಾದ ಲೋಳೆ ಕಟ್ಟುತ್ತದೆ. ಅದನ್ನು ದಿನಾಲು ಉಜ್ಜಿ ತೆಗೆಯದಿದ್ದರೆ ಒಸಡು ಕೆಂಪೇರಿ ಊದಿಕೊಂಡು ಸ್ವಲ್ಪ ತಾಗಿದರೂ ರಕ್ತ ಸುರಿಸುವದು. ಉಗುಳಿನಲ್ಲಿರುವ ಸುಣ್ಣದ ಅಂಶವು ಆ ಲೋಳೆಯಲ್ಲಿ ಸೇರಿ, ಗಡಸು ನೀರಿನಿಂದ ಹಂಡೆಯೊಳಗೆ ಕಟ್ಟುವ ಬಿಳಿಯ ಪದರದಂತೆ ಅದನ್ನು ಗಟ್ಟಿಮಾಡುತ್ತದೆ. ಮುಂದೆ ಒಸಡು ಹಲ್ಲನ್ನು ಬಿಟ್ಟು ಸಡಿಲವಾಗಿ, ಒಳಗೆ ಹಲ್ಲನ್ನು ಹಿಡಿದಿರುವ ಎಲುಬು ಕರಗಲಾರಂಭಿಸುವದು. ಒಸಡಿನ ಊತವು ವಾಸಿಯಾಗತಕ್ಕದ್ದು. ಕರಗಿದ ಎಲುಬಾದರೋ ತಾನಾಗಿ ತಿರಿಗಿ ಬೆಳೆಯುವದಿಲ್ಲ. ಬೇಗ ಹೋಗಬೇಕೆಂದು ಹೇಳುವದು ಇದಕ್ಕಾಗಿಯೇ.

ರಕ್ತ ಬರುವ ಸ್ಥಳವನ್ನು ಮುಟ್ಟದೆ ಬಿಡಬೇಕೆಂಬದು ಜನರಲ್ಲಿರುವ ಮೊದಲನೆಯ ತಪ್ಪೆಣಿಕೆ. ನಾನೂ ಈ ತಪ್ಪನ್ನು ಮಾಡಿದವನು. ಯೌವನದಲ್ಲಿ ಎಡಗಡೆಯ ದವಡೆಯಲ್ಲಿ ರಕ್ತ ಕಾಣುತ್ತಿದ್ದದರಿಂದ ಆ ಕಡೆಗೆ ಬ್ರಷ್ಷನ್ನೇ ತಾಗಿಸದೆ ಎಂಟು ವರುಷ ಕಳೆದೆನು. ಅಲ್ಲಿದ್ದ ದವಡೆಹಲ್ಲು ಈಗ ನನ್ನ ಬಾಯಲ್ಲಿಲ್ಲ. ಲೋಳೆಯು ಅಲ್ಲೇ ಇರುವದರಿಂದ ರಕ್ತ ಬರುತ್ತದೆ. ಬಿಟ್ಟಷ್ಟೂ ಅದು ಹೆಚ್ಚುತ್ತದೆ. ಡೆನ್ಮಾರ್ಕ್ ದೇಶದ ಆರ್ಹುಸ್ ಪಟ್ಟಣದಲ್ಲಿ ಹರಾಲ್ಡ್ ಲೋ ಎಂಬ ವಿದ್ವಾಂಸರೂ ಅವರ ಜೊತೆಗಾರರೂ ಇದನ್ನು ಪರೀಕ್ಷಿಸಿ 1965ರಲ್ಲಿ ಪ್ರಕಟಿಸಿದರು. ಒಸಡು ಚೆನ್ನಾಗಿದ್ದ 12 ಮಂದಿ ಹಲ್ಲುಜ್ಜುವದನ್ನು ಬಿಟ್ಟರು. 10ರಿಂದ 21 ದಿವಸಗಳೊಳಗೆ ಅವರೆಲ್ಲರ ಒಸಡೂ ಕೆಟ್ಟಿತು. ತಿರಿಗಿ ಉಜ್ಜತೊಡಗಿದಾಗ ಸುಮಾರು ಒಂದು ವಾರದಲ್ಲಿ ಸರಿಯಾಯಿತು. ಆದದರಿಂದ ರಕ್ತ ಕಂಡಲ್ಲಿ ಮೆತ್ತಗಿನ ಬ್ರಷ್ಷಿನಿಂದ ಮೆಲ್ಲಗೆ, ಆದರೆ ತಪ್ಪದೆ, ದಿನಕ್ಕೆರಡಾವರ್ತಿ ಉಜ್ಜಬೇಕು.

“ನಮ್ಮ ಅಜ್ಜ ಒಂದು ದಿನವೂ ಬ್ರಷ್ಷು ಹಿಡಿಯಲಿಲ್ಲ, ಆದರೂ ಸಾಯುವ ತನಕ ಕಬ್ಬು ತಿಂದರು” ಎಂದು ಹೇಳುವವರುಂಟು. ಅಂಥ ಅಜ್ಜಂದಿರು ಇದ್ದದ್ದು ನಿಜವೇ. ಅದೇ ಲೋ ಎಂಬವರು ಶ್ರೀಲಂಕೆಯ ಚಹಾ ತೋಟಗಳಲ್ಲಿ ಹಲ್ಲುಜ್ಜುವ ರೂಢಿಯಿಲ್ಲದ 480 ಮಂದಿ ಕೂಲಿಯಾಳುಗಳ ಬಾಯನ್ನು 1970ರಿಂದ ಹದಿನೈದು ವರುಷ ನೋಡುತ್ತಾ ಬಂದರು. ನೂರರಲ್ಲಿ 11 ಮಂದಿಗೆ ಒಸಡಿನ ಊತದ ಹೊರತು ರೋಗ ಮುಂದರಿಯಲಿಲ್ಲ. 81 ಮಂದಿಗೆ ಮಧ್ಯಮ ವೇಗದಿಂದಲೂ 8 ಮಂದಿಗೆ ಅತಿ ಶೀಘ್ರವಾಗಿಯೂ ಅದು ಬೆಳೆಯಿತು. ನಿಮ್ಮ ಅಜ್ಜ ಆ ಹನ್ನೊಂದರಲ್ಲಿ ಒಬ್ಬರಾಗಿರಬಹುದು. ನೀವು ಯಾವ ಗುಂಪಿನವರೆಂದು ಮುಂಚಿತವಾಗಿ ತಿಳಿಯುವ ಬಗೆ ಹೇಗೆ?

ವೈದ್ಯರು ಹಲ್ಲಿನ ಕಲ್ಲನ್ನು ತೆಗೆದರೆ ಹಲ್ಲು ಸಡಿಲಾಗುವದೆಂಬ ಭಯ ಎಲ್ಲಾ ಕಡೆಯೂ ಇದೆ. ಎಲುಬು ಕರಗಿದ ಮೇಲೆ ಹಲ್ಲುಗಳ ಸಂದಿಯನ್ನು ತುಂಬಿ ನಿಂತಿರುವದು ಆ ಕಲ್ಲೇ. ಅದನ್ನು ತೆಗೆದು ಊತ ಇಳಿದಾಗ ಮೊದಲೇ ಆಗಿದ್ದ ಸಂದು ಕಾಣುತ್ತದೆ, ಕೆಲವು ದಿನ ತಣ್ಣೀರು ಜುಮ್ಮೆನ್ನುತ್ತದೆ, ಅಷ್ಟೇ. ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುವದೆಂಬದೂ ಸುಳ್ಳು. ಹಲ್ಲಿನ ನರ ಬೇರೆ, ದೃಷ್ಟಿಯ ನರ ಬೇರೆ.

ಇದ್ದಲು, ಇಟ್ಟಿಗೆಪುಡಿ, ಮರಳು ಇವು ಹಲ್ಲನ್ನೇ ಸವೆಯಿಸುತ್ತವೆ. ಹೊಗೆಸೊಪ್ಪು ಬೆರೆತ ಪುಡಿಯಿಂದ ಒಸಡು ಗಟ್ಟಿಯಾಗುವದೆಂದು ನಂಬಿದ ತಾಯಂದಿರನ್ನು ನಾನು ಕಂಡಿದ್ದೇನೆ. ಹೊಗೆಸೊಪ್ಪು ಒಸಡನ್ನು ಕೆಡಿಸುವದಲ್ಲದೆ ಬಾಯಿಯ ಅರ್ಬುದರೋಗಕ್ಕೂ ಕಾರಣವಾಗುತ್ತದೆ. ಬೀಡಿ ಸೇದುವವರ ಒಸಡಿನಲ್ಲಿ ರೋಗವಿದ್ದರೂ ರಕ್ತ ಕಡಿಮೆ ಬರುವದರಿಂದ ಅವರು ಮೋಸಹೋಗುತ್ತಾರೆ.

ಹಾಗಾದರೆ ವೈದ್ಯರ ಬಳಿಗೆ ಯಾವಾಗ ಹೋಗಬೇಕು? ಎರಡು ವಾರ ಸರಿಯಾಗಿ ಉಜ್ಜಿದ ಮೇಲೂ ರಕ್ತ ನಿಲ್ಲದಿದ್ದರೆ. ಒಸಡು ಕೆಳಸರಿದು ಹಲ್ಲು ಉದ್ದವಾಗಿ ಕಂಡರೆ. ಕೀವು, ಬಿಡದ ದುರ್ವಾಸನೆ, ಇಲ್ಲವೆ ಅಲುಗಾಟ ಇದ್ದರೆ ತಡಮಾಡಬಾರದು. ಎರಡು ವಾರ ಕಳೆದರೂ ಮಾಯದ ಹುಣ್ಣನ್ನೂ ಬಿಳಿ ಅಥವಾ ಕೆಂಪು ಮಚ್ಚೆಯನ್ನೂ ತೋರಿಸತಕ್ಕದ್ದು. ಮುಖ ಅಥವಾ ಗಂಟಲು ಊದಿ ಜ್ವರ ಬಂದರೆ, ಬಾಯಿ ತೆರೆಯಲಿಕ್ಕೂ ನುಂಗಲಿಕ್ಕೂ ಉಸಿರಾಡಲಿಕ್ಕೂ ಕಷ್ಟವಾದರೆ, ಅಥವಾ ಏನೂ ತಾಗದೆ ರಕ್ತ ಸುರಿದು ಮೈಮೇಲೆ ನೀಲಿ ಕಲೆಗಳೆದ್ದರೆ, ಆ ದಿವಸವೇ ಆಸ್ಪತ್ರೆಗೆ ಹೋಗಬೇಕು; ಲವಂಗದೆಣ್ಣೆ ಹಚ್ಚಿ ರಾತ್ರಿ ಕಳೆಯುವದು ಅಪಾಯ.

ಬಸುರಿಯರಲ್ಲಿ ಒಸಡು ಹೆಚ್ಚಾಗಿ ಊದುವದುಂಟು. ಅವರು ಹೆರಿಗೆಯ ತನಕ ಕಾಯಬೇಕಾಗಿಲ್ಲ, ಬಸುರೆಂದು ತಿಳಿಸಿ ಚಿಕಿತ್ಸೆ ಪಡೆಯಬಹುದು. ಸಕ್ಕರೆ ಕಾಯಿಲೆಯವರಿಗಂತೂ ಈ ರೋಗ ಬೇಗ ಬೆಳೆಯುವದು, ಒಸಡು ಕೆಟ್ಟರೆ ಸಕ್ಕರೆಯನ್ನು ಹತೋಟಿಯಲ್ಲಿಡುವದೂ ಕಷ್ಟವಾಗುವದು. ತಾಲೂಕು ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ದಂತವೈದ್ಯರಿರುತ್ತಾರೆ. ಹೋಗುವಾಗ ನೀವು ಸೇವಿಸುತ್ತಿರುವ ಔಷಧಗಳ ಚೀಟಿಯನ್ನು ಜೊತೆಗೆ ಒಯ್ಯಿರಿ.