ಚಂಡಮಾರುತದ ತೊಟ್ಟಿಲು ಶಾಸ್ತ್ರ

ಓದುಗರ ಪತ್ರಗಳಿಗೆ ಹವಾಮಾನ ತಜ್ಞರ ಉತ್ತರ

ಪ್ರಶ್ನೆ: ನಮ್ಮ ತಂದೆಯವರ ಕಾಲದಲ್ಲಿ ‘ತೂಫಾನ್ ಬರ್ತದೆ, ಕಡಲಿಗೆ ಇಳಿಯಬೇಡಿ’ ಅಂದರೆ ಮುಗಿಯಿತು. ಈಗ ಕ್ಯಾರ್, ಮಹಾ, ವಾಯು ಅಂತ ಒಂದೊಂದಕ್ಕೂ ನಾಮಕರಣ. ಇದೆಲ್ಲ ಬೇಕಾ?
– ಬೋಟ್ ಮಾಲೀಕರು, ಮಲ್ಪೆ

ಉತ್ತರ: ಒಂದೇ ತೂಫಾನ್ ಇದ್ದರೆ ನಿಮ್ಮ ತಂದೆಯವರ ಮಾತೇ ಸಾಕು. ಎರಡು ಒಟ್ಟಿಗೆ ಬಂದರೆ? 2019ರ ಅಕ್ಟೋಬರ್ ಕೊನೆಯಲ್ಲಿ ಹಾಗೇ ಆಯಿತು. ನಮ್ಮ ಕರಾವಳಿಗೆ ಮಳೆ ಸುರಿಸಿದ ಕ್ಯಾರ್ ಒಮಾನ್ ಕಡೆಗೆ ಸಾಗುತ್ತಿರುವಾಗಲೇ ಲಕ್ಷದ್ವೀಪದ ಬಳಿ ಮಹಾ ಎದ್ದಿತು. ‘ಅರಬ್ಬಿ ಸಮುದ್ರದ ಚಂಡಮಾರುತ ಬಲ ಕಳೆದುಕೊಳ್ಳುತ್ತಿದೆ’ ಎಂದಷ್ಟೇ ಸುದ್ದಿ ಬಂದರೆ, ಆಳಸಮುದ್ರದಲ್ಲಿರುವ ನಿಮ್ಮವರು ಯಾವುದೆಂದು ತಿಳಿಯಬೇಕು? ಮೊದಲು ನಮ್ಮ ಕಡಲಿನ ಚಂಡಮಾರುತಗಳಿಗೆ ಸಂಖ್ಯೆ ಮತ್ತು ಅಕ್ಷಾಂಶ-ರೇಖಾಂಶಗಳೇ ಗುರುತು. 1999ರಲ್ಲಿ ಒಡಿಶಾವನ್ನು ಧ್ವಂಸ ಮಾಡಿದ ಮಹಾಚಂಡಮಾರುತಕ್ಕೂ ಅಧಿಕೃತ ಹೆಸರಿರಲಿಲ್ಲ. 2004ರಲ್ಲಿ ಅರಬ್ಬಿ ಸಮುದ್ರದಲ್ಲೆದ್ದ ‘ಒನಿಲ್’ನಿಂದ ಹೆಸರಿಡುವ ಕ್ರಮ ಶುರುವಾಯಿತು.

ಪ್ರಶ್ನೆ: 2021ರ ಮೇ ತಿಂಗಳಲ್ಲಿ ನಮ್ಮೂರಿನ ಕಡಲ್ಕೊರೆತದ ಸುದ್ದಿಯನ್ನು ಕೆಲವರು ‘ತೌಕ್ತೆ’ ಎಂದು ಬರೆದರು, ಕೆಲವರು ‘ತೌತೆ’ ಎಂದರು. ಯಾವುದು ಸರಿ? ಈ ಹೆಸರು ಇಟ್ಟವರು ಯಾರು?
– ಶಾಲಾ ಶಿಕ್ಷಕಿ, ಉಳ್ಳಾಲ

ಉತ್ತರ: ‘ತೌತೆ’ ಸರಿ. ಇಂಗ್ಲಿಷ್ ಕಾಗುಣಿತದಲ್ಲಿರುವ ‘ಕ’ಕಾರ ಉಚ್ಚಾರದಲ್ಲಿಲ್ಲ. ಅದು ಮ್ಯಾನ್ಮಾರ್ ಕೊಟ್ಟ ಹೆಸರು. ಅವರ ಭಾಷೆಯಲ್ಲಿ ಲೊಚಗುಟ್ಟುವ ಒಂದು ಜಾತಿಯ ದೊಡ್ಡ ಹಲ್ಲಿ. ಹೀಗೆ ಗೊಂದಲವಾಗುತ್ತದೆಂದೇ ಪಟ್ಟಿಯಲ್ಲಿ ಹೆಸರಿನ ಪಕ್ಕ ಉಚ್ಚಾರವನ್ನೂ ಬರೆದಿರುತ್ತಾರೆ.

ಗಾಳಿ ಎದ್ದ ಮೇಲೆ ಯಾರೂ ಕೂತು ಹೆಸರು ಹುಡುಕುವುದಿಲ್ಲ. ಬಂಗಾಳ ಕೊಲ್ಲಿ ಮತ್ತು ಅರಬ್ಬಿ ಸಮುದ್ರದ ಭಾಗದ 13 ದೇಶಗಳು ತಲಾ 13 ಹೆಸರು ಕೊಟ್ಟು, 2020ರಲ್ಲಿ 169 ಹೆಸರುಗಳ ಪಟ್ಟಿ ಸಿದ್ಧವಾಯಿತು. ದೇಶಗಳ ಸರದಿ ಇಂಗ್ಲಿಷ್ ಅಕಾರಾದಿಯಲ್ಲಿ: ಬಾಂಗ್ಲಾದೇಶದ ನಿಸರ್ಗ, ಭಾರತದ ಗತಿ, ಇರಾನಿನ ನಿವಾರ್, ಮಾಲ್ದೀವ್ಸ್‌ನ ಬುರೆವಿ, ಆಮೇಲೆ ನಿಮ್ಮೂರಿಗೆ ಬಡಿದ ತೌತೆ. ವಾಯುಭಾರ ಕುಸಿತ ಬಲಗೊಂಡು ಗಾಳಿಯ ವೇಗ ಗಂಟೆಗೆ 62 ಕಿ.ಮೀ. ಮುಟ್ಟಿದಾಗ ದೆಹಲಿಯ ಹವಾಮಾನ ಇಲಾಖೆ ಸರದಿಯಲ್ಲಿರುವ ಹೆಸರನ್ನು ಘೋಷಿಸುತ್ತದೆ.

ಪ್ರಶ್ನೆ: ಅಮೆರಿಕದಲ್ಲಿ ಕತ್ರಿನಾ ಗಿತ್ರಿನಾ ಅಂತ ಹೆಂಗಸರ ಹೆಸರೇ ಯಾಕೆ? ಹಾಳು ಮಾಡುವುದಕ್ಕೆಲ್ಲ ನಾವೇ ಬೇಕೆ?
– ಗೃಹಿಣಿ, ದಾವಣಗೆರೆ

ಉತ್ತರ: ಫ್ಲಾರಿಡಾದ ರಾಕ್ಸಿ ಬೋಲ್ಟನ್ ಎಂಬ ಹೋರಾಟಗಾರ್ತಿಯೂ ನಿಮ್ಮ ಹಾಗೆಯೇ ಕೇಳಿದ್ದರು. 1953ರಿಂದ ಅಲ್ಲಿನ ಹರಿಕೇನ್‌ಗಳಿಗೆ ಬರೀ ಹೆಂಗಸರ ಹೆಸರು. 1979ರಿಂದ ಅಟ್ಲಾಂಟಿಕ್‌ನಲ್ಲಿ ಗಂಡು, ಹೆಣ್ಣು ಹೆಸರುಗಳು ಒಂದಾದ ಮೇಲೊಂದು. ಅದಕ್ಕೂ ಹಿಂದೆ ಪೋರ್ಟೊರಿಕೊ ದ್ವೀಪದಲ್ಲಿ ಗಾಳಿ ಬಡಿದ ದಿನ ಯಾವ ಸಂತರ ಹಬ್ಬವೋ ಆ ಹೆಸರೇ ಗಾಳಿಗೂ. 1876 ಮತ್ತು 1928ರಲ್ಲಿ ಎರಡು ಚಂಡಮಾರುತ ಸೆಪ್ಟೆಂಬರ್ 13ಕ್ಕೇ ಬಂದು, ಸ್ಯಾನ್ ಫೆಲಿಪೆ ಒಂದು, ಸ್ಯಾನ್ ಫೆಲಿಪೆ ಎರಡು ಎಂದಾದವು!

ಅಟ್ಲಾಂಟಿಕ್‌ನಲ್ಲಿ ಆರು ಪಟ್ಟಿಗಳಿವೆ. ಆರು ವರ್ಷಕ್ಕೊಮ್ಮೆ ಅವೇ ಹೆಸರು ಮರಳುತ್ತವೆ. ತುಂಬ ಸಾವುನೋವು ತಂದ ಹೆಸರನ್ನು ಮಾತ್ರ ಕೈಬಿಡುತ್ತಾರೆ. ಕತ್ರಿನಾ 2005ಕ್ಕೇ ಮುಗಿಯಿತು. ನಮ್ಮಲ್ಲಿ ಯಾವ ಹೆಸರೂ ಎರಡನೇ ಸಲ ಬರುವುದಿಲ್ಲ.

ಪ್ರಶ್ನೆ: 2021ರಲ್ಲಿ ನಮಗೆ ಇಲ್ಲಿ ಬಡಿದ ಶಾಹೀನ್, ಆಂಧ್ರದ ಗುಲಾಬ್ ಚಂಡಮಾರುತವೇ ಎಂದು ಗೆಳೆಯರು ವಾದಿಸುತ್ತಾರೆ. ಹಾಗಾದರೆ ಹೆಸರು ಬದಲಾದದ್ದೇಕೆ?
– ಮಸ್ಕತ್‌ನಲ್ಲಿರುವ ಕನ್ನಡಿಗ

ಉತ್ತರ: ನಿಮ್ಮ ಗೆಳೆಯರು ಹೇಳಿದ್ದರಲ್ಲಿ ಹುರುಳಿದೆ. ಸೆಪ್ಟೆಂಬರ್ ಕೊನೆಯಲ್ಲಿ ಆಂಧ್ರದ ತೀರ ದಾಟಿದ ಗುಲಾಬ್ ನೆಲದ ಮೇಲೆ ಸಾಗುತ್ತ ಸೊರಗಿ, ಚಂಡಮಾರುತ ಎನ್ನಿಸಿಕೊಳ್ಳುವ ಬಲ ಕಳೆದುಕೊಂಡಿತು. ಅದರ ಅವಶೇಷ ಗುಜರಾತಿನ ಬಳಿ ಅರಬ್ಬಿ ಸಮುದ್ರಕ್ಕೆ ಇಳಿದು, ಬಿಸಿನೀರಿನ ತೇವ ಹೀರಿ ಮತ್ತೆ ಚಂಡಮಾರುತವಾಯಿತು. ಹೊಸ ಹುಟ್ಟಿಗೆ ಹೊಸ ಹೆಸರು. ಪಾಕಿಸ್ತಾನ ಕೊಟ್ಟ ಗುಲಾಬಿನ ಮುಂದಿನ ಸರದಿ ಕತಾರಿನದು, ಹೆಸರು ಶಾಹೀನ್. ಅಂದ ಹಾಗೆ, ನಮ್ಮ ಕಡಲುಗಳ ಚಂಡಮಾರುತಗಳಿಗೆ ಹೆಸರಿಡಲು ಒಪ್ಪಿದ 2000ನೇ ಇಸವಿಯ ಸಭೆ ನಡೆದದ್ದು ನೀವಿರುವ ಮಸ್ಕತ್‌ನಲ್ಲೇ.

ಪ್ರಶ್ನೆ: ಸರ್, ಚಂಡಮಾರುತಕ್ಕೆ ಕನ್ನಡದ ಹೆಸರು ಇಡಬಹುದಾ? ನಮ್ಮ ರಾಜರ ಹೆಸರು ಇಟ್ಟರೆ ಚೆನ್ನಾಗಿರುತ್ತದಲ್ಲವಾ?
– ಎಂಟನೇ ತರಗತಿ ವಿದ್ಯಾರ್ಥಿನಿ, ಚಿಕ್ಕಮಗಳೂರು

ಉತ್ತರ: ಕನ್ನಡದ ಹೆಸರು ಇಡಬಹುದು ಪುಟ್ಟಿ, ರಾಜರ ಹೆಸರು ಬೇಡ. 2013ರಲ್ಲಿ ಶ್ರೀಲಂಕಾದ ಪಟ್ಟಿಯಿಂದ ‘ಮಹಾಸೇನ್’ ಎಂಬ ಹೆಸರು ಬಂದಿತ್ತು. ಮಿನ್ನೇರಿಯದಂಥ ದೊಡ್ಡ ಕೆರೆ ಕಟ್ಟಿಸಿ ಜನರ ಹೊಟ್ಟೆ ತುಂಬಿಸಿದ ರಾಜ ಅವನು. ಅವನ ಹೆಸರು ಊರು ಕೆಡಿಸುವ ಗಾಳಿಗೇ ಎಂದು ಅಲ್ಲಿನ ಜನ ನೊಂದುಕೊಂಡರು. ಕೊನೆಗೆ ಆ ಹೆಸರು ತೆಗೆದು ‘ವಿಯಾರು’ ಎಂದರು.

ಧರ್ಮ, ರಾಜಕೀಯದ ವಾಸನೆ ಇರಬಾರದು, ಯಾರಿಗೂ ನೋವಾಗಬಾರದು, ಇಂಗ್ಲಿಷಿನಲ್ಲಿ ಬರೆದರೆ ಎಂಟು ಅಕ್ಷರದೊಳಗಿರಬೇಕು. ಇವು ನಿಯಮ. ಭಾರತದ ಪಟ್ಟಿಯಲ್ಲಿ ತಮಿಳಿನ ‘ಮುರಸು’, ಬಂಗಾಳಿಯ ‘ಪ್ರೊಬಾಹೊ’ ಇವೆ. ಜನರೂ ಹವಾಮಾನ ಇಲಾಖೆಗೆ ಹೆಸರು ಸೂಚಿಸಿ ಬರೆಯಬಹುದು. ‘ಸುಂಟರಗಾಳಿ’ ಉದ್ದವಾಯಿತು. ‘ಬಿರುಗಾಳಿ’ ಎಣಿಸಿ ನೋಡು, ಸರಿಯಾಗಿ ಎಂಟು!

ಕಳಿಸುವ ಮೊದಲು ಒಂದು ಪರೀಕ್ಷೆ ಮಾಡು. ಜೋರು ಮಳೆ ಬರುವಾಗ ಊರಿನ ಅಜ್ಜಿಗೆ ಫೋನ್ ಮಾಡಿ ಆ ಹೆಸರು ಹೇಳು. ‘ಏನಂದೆ?’ ಎಂದು ಅಜ್ಜಿ ಮತ್ತೆ ಕೇಳಿದರೆ, ಬೇರೆ ಹೆಸರು ಹುಡುಕು.